ಇಂಗ್ಲೆಂಡಿನ ಹಳ್ಳಿಗಾಡಿನ ಬೇಸಿಗೆ: ಮನೆಮಂದಿಯನ್ನೆಲ್ಲ ಕರೆದುಕೊಂಡು ಎಲ್ಲಿಗೆ ಹೋಗೋದು?

ಜುಲೈ ಕೊನೆಗೆ ಶಾಲೆ ಮುಚ್ಚಿದರೆ ಮತ್ತೆ ತೆರೆಯೋದು ಸೆಪ್ಟೆಂಬರ್ ಶುರುವಿಗೆ. ಹೆಚ್ಚುಕಮ್ಮಿ ಆರು ವಾರ ಮಕ್ಕಳು ಮನೆಯಲ್ಲೇ. ಇಲ್ಲಿರುವ ಕನ್ನಡದ ಮನೆಗಳಲ್ಲಿ ಅದೇ ಹೊತ್ತಿಗೆ ಊರಿಂದ ಅಪ್ಪ ಅಮ್ಮನೋ ಅತ್ತೆ ಮಾವನೋ ಬಂದಿರುತ್ತಾರೆ. ಚಳಿಗಾಲದಲ್ಲಿ ಕರೆಸಿದರೆ ಪಾಪ, ಮನೆಯೊಳಗೇ ಕೂರಬೇಕಾಗುತ್ತದೆ ಅಂತ ಎಲ್ಲರೂ ಬೇಸಿಗೆಗೇ ಟಿಕೆಟ್ ಮಾಡಿಸುತ್ತೇವೆ. ಹಾಗಾಗಿ ಒಂದೇ ಕಾರಿನಲ್ಲಿ ಐದು ವರ್ಷದ ಮಗು, ಹದಿಮೂರರ ಹುಡುಗಿ, ಮಂಡಿನೋವಿನ ಅಜ್ಜಿ ಮೂವರೂ ಇರುತ್ತಾರೆ. ಈ ಮೂವರಿಗೂ ಹಿಡಿಸುವ ಜಾಗ ಯಾವುದು ಅನ್ನೋದು ಪ್ರತಿ ಶನಿವಾರ ಬೆಳಗ್ಗೆ ಎದ್ದು ಕೂರುವ ಪ್ರಶ್ನೆ.

ಲಂಡನ್ನಿನ ಮಾತು ಇಲ್ಲಿಲ್ಲ. ಇದು ಹಳ್ಳಿಗಾಡಿನ ತಿರುಗಾಟದ ಲೆಕ್ಕ. ನಾವಿರೋದು ಲೆಸ್ಟರ್‌ಶೈರ್‌ನಲ್ಲಿ, ಆದ್ದರಿಂದ ಉದಾಹರಣೆಗಳು ಇಲ್ಲಿನವು, ಪಕ್ಕದ ಡಾರ್ಬಿಶೈರ್‌ನವು ಮತ್ತು ನಾರ್ಫಕ್ ಕರಾವಳಿಯವು. ಕೆಂಟ್‌ನಲ್ಲಿರಲಿ, ಯಾರ್ಕ್‌ಶೈರ್‌ನಲ್ಲಿರಲಿ, ನಿಮ್ಮ ಸುತ್ತಮುತ್ತಲೂ ಇಂಥವೇ ಜಾಗಗಳು ಸಿಗುತ್ತವೆ.

ಆರಿಸುವಾಗ ನಾನು ಮೊದಲು ನೋಡೋದು ಊರಿನ ಹೆಸರಲ್ಲ. ನಮ್ಮಲ್ಲಿ ಎಲ್ಲರಿಗಿಂತ ನಿಧಾನ ನಡೆಯೋರು ಯಾರು ಅಂತ ನೋಡುತ್ತೇನೆ. ಅವರಿಗೆ ಕೂರಲು ಬೆಂಚು, ಹತ್ತಿರದಲ್ಲೇ ಶೌಚಾಲಯ, ಗಾಳಿ ತಡೆಯುವ ಒಂದು ಮೂಲೆ ಇದ್ದರೆ ಉಳಿದವರ ದಿನವೂ ತಾನಾಗಿ ಚೆನ್ನಾಗಿರುತ್ತದೆ. ಎರಡನೆಯದಾಗಿ ನೋಡೋದು ಗೇಟ್. ಟಿಕೆಟ್ ಕೊಟ್ಟು ಒಳಗೆ ಹೋಗುವ ಬಂಗಲೆ, ಕೋಟೆ, ಫಾರ್ಮ್‌ಗಳು ಸಂಜೆ ಐದರ ಸುಮಾರಿಗೆ ಮುಚ್ಚುತ್ತವೆ. ಕಾಲುವೆ, ಕಡಲತೀರ, ಹೊಲದ ನಡುವಿನ ಕಾಲುದಾರಿಗಳಿಗೆ ಗೇಟೇ ಇಲ್ಲ. ಜೂನ್ ಕೊನೆಯಲ್ಲಿ ಇಲ್ಲಿ ಸೂರ್ಯ ಮುಳುಗೋದು ರಾತ್ರಿ ಒಂಬತ್ತೂವರೆಗೆ. ಜುಲೈ ಮುಗಿಯುವಾಗಲೂ ಒಂಬತ್ತು. ಆಗಸ್ಟ್ ಕೊನೆಗೆ ಎಂಟಕ್ಕೆ ಇಳಿಯುತ್ತದೆ. ಅಂದರೆ ಮನೆಯಲ್ಲಿ ನಿಧಾನವಾಗಿ ಊಟ ಮಾಡಿ, ಅಜ್ಜಿ ಒಂದು ಕೋಳಿನಿದ್ದೆ ಮುಗಿಸಿ, ಮೂರೂವರೆಗೆ ಹೊರಟರೂ ಐದು ಗಂಟೆಯಷ್ಟು ಬೆಳಕು ಕೈಯಲ್ಲಿರುತ್ತದೆ. ಊರೆಲ್ಲ ವಾಪಸ್ ಹೊರಡುವ ಹೊತ್ತಿಗೆ ನೀವು ತಲುಪುತ್ತೀರಿ. ಪಾರ್ಕಿಂಗ್ ಸಿಗುತ್ತದೆ, ಬೆಂಚು ಸಿಗುತ್ತದೆ, ಬಿಸಿಲೂ ಹಿತವಾಗಿರುತ್ತದೆ. ಇಲ್ಲಿನ ಬೇಸಿಗೆಯ ನಿಜವಾದ ಐಶ್ವರ್ಯ ಈ ಸಂಜೆಗಳೇ ಅಂತ ನನ್ನ ನಂಬಿಕೆ. ಹಾಗಾಗಿ ಮೋಡ ಕವಿದ ದಿನ, ಮಳೆ ಬಂದೀತು ಅನ್ನುವ ದಿನ ಗೇಟ್ ಇರುವ ಜಾಗ. ಆಕಾಶ ತಿಳಿಯಾಗಿದ್ದರೆ ಗೇಟ್ ಇಲ್ಲದ ಜಾಗ. ಹವಾಮಾನಕ್ಕೆ ಮೆಟ್ ಆಫೀಸ್‌ನ ಗಂಟೆಗಂಟೆಯ ಮುನ್ಸೂಚನೆಯನ್ನು ಅದೇ ದಿನ ಬೆಳಗ್ಗೆ ನೋಡಿ. ಮೂರು ದಿನ ಮೊದಲು ನೋಡಿ ತೀರ್ಮಾನಿಸಿದರೆ ಪ್ರಯೋಜನ ಕಡಿಮೆ.

ಸಮುದ್ರವೋ, ಕಾಲುವೆಯೋ?

ಮಕ್ಕಳನ್ನು ಕೇಳಿದರೆ ಸಮುದ್ರ ಅಂತಾರೆ. ಆದರೆ ಇಂಗ್ಲೆಂಡಿನ ನಡುಭಾಗವಾದ ಮಿಡ್‌ಲ್ಯಾಂಡ್ಸ್‌ನಲ್ಲಿರುವವರಿಗೆ ಸಮುದ್ರ ಹತ್ತಿರವಿಲ್ಲ. ಇಡೀ ಬ್ರಿಟನ್‌ನಲ್ಲಿ ಕಡಲಿಗೆ ತೀರಾ ದೂರವಿರುವ ಜಾಗ ಅಂತ ಹೇಳುವುದೇ ನಮ್ಮ ಪಕ್ಕದ ಡಾರ್ಬಿಶೈರ್‌ನ ಕೋಟನ್ ಇನ್ ದಿ ಎಲ್ಮ್ಸ್ ಎಂಬ ಹಳ್ಳಿಯ ಹತ್ತಿರ. ಅಲ್ಲಿಂದ ಯಾವ ದಿಕ್ಕಿಗೆ ಹೋದರೂ ಕಡಿಮೆಯೆಂದರೆ ಸುಮಾರು 70 ಮೈಲಿ. ಲೆಸ್ಟರ್‌ನಿಂದ ನಾರ್ಫಕ್ ಕರಾವಳಿಗೆ ಎರಡೂವರೆ ಗಂಟೆಯಾದರೂ ಬೇಕು. ಶನಿವಾರವಾದರೆ ಇನ್ನೂ ಜಾಸ್ತಿ, ಯಾಕೆಂದರೆ ಇಲ್ಲಿ ಬಾಡಿಗೆ ಕಾಟೇಜುಗಳನ್ನು ಶನಿವಾರದಿಂದ ಶನಿವಾರಕ್ಕೆ ಕೊಡೋದು ಹಳೇ ರೂಢಿ. ಹೋಗುವವರು ಬರುವವರು ಎಲ್ಲರೂ ಅವತ್ತೇ ರಸ್ತೆಯಲ್ಲಿರುತ್ತಾರೆ. ಒಟ್ಟು ಐದು ಗಂಟೆ ಕಾರಿನಲ್ಲಿ ಕೂತು ಮೂರು ಗಂಟೆ ಮರಳಿನಲ್ಲಿ ಕೂರುವ ದಿನ ವಯಸ್ಸಾದವರಿಗೆ ಹಿಂಸೆ. ಆದ್ದರಿಂದ ಸಮುದ್ರವನ್ನು ವಾರದ ನಡುವಿನ ದಿನಕ್ಕೆ ಇಡಿ. ಸಾಧ್ಯವಾದರೆ ಒಂದು ರಾತ್ರಿ ಅಲ್ಲೇ ತಂಗಿ.

ನಾರ್ಫಕ್‌ನಲ್ಲಿ ನನ್ನ ಆಯ್ಕೆ ಎರಡು. ಅಜ್ಜಿ ತಾತ ಜೊತೆಗಿದ್ದರೆ ಹನ್‌ಸ್ಟಂಟನ್. ಅಲ್ಲಿ ಸಮುದ್ರದ ಕಡೆಗೆ ಇಳಿಜಾರಾಗಿ ದೊಡ್ಡ ಹುಲ್ಲುಹಾಸಿದೆ. ಮರಳಿಗೆ ಇಳಿಯದೆಯೇ ಕಡಲನ್ನು ನೋಡುತ್ತ ಕೂರಬಹುದು. ಕೆಂಪು ಬಿಳಿ ಪಟ್ಟೆಗಳ ಬಂಡೆಗೋಡೆ ಮಕ್ಕಳಿಗೆ ಇಷ್ಟವಾಗುತ್ತದೆ. ಇನ್ನೊಂದು ವಿಶೇಷ: ಊರು ಇರೋದು ಪೂರ್ವ ಕರಾವಳಿಯಲ್ಲಿ, ಆದರೆ ಮುಖ ಮಾಡಿರೋದು ಪಶ್ಚಿಮಕ್ಕೆ. ಹಾಗಾಗಿ ಸೂರ್ಯ ಅಲ್ಲಿ ಸಮುದ್ರಕ್ಕೇ ಮುಳುಗುತ್ತಾನೆ. ಮಲ್ಪೆ, ಓಂ ಬೀಚ್ ನೋಡಿದವರಿಗೆ ಸೂರ್ಯಾಸ್ತವಿಲ್ಲದ ಸಮುದ್ರ ಏನೋ ಕಮ್ಮಿ ಅನ್ನಿಸುತ್ತದೆ, ಅಲ್ವಾ? ಆ ಕೊರತೆ ಇಲ್ಲಿಲ್ಲ.

ಸ್ವಲ್ಪ ದೊಡ್ಡ ಮಕ್ಕಳಿದ್ದರೆ ವೆಲ್ಸ್ ನೆಕ್ಸ್ಟ್ ದಿ ಸೀ. ಅಲ್ಲಿನ ದಕ್ಕೆಯ ಅಂಚಿನಲ್ಲಿ ಮಕ್ಕಳು ಸಾಲಾಗಿ ಕೂತು ಏಡಿ ಹಿಡಿಯುತ್ತಾರೆ. ಒಂದು ಬಕೆಟ್, ಒಂದು ದಾರ, ತುದಿಗೆ ಬಲೆಯ ಪುಟ್ಟ ಚೀಲ, ಅದರೊಳಗೆ ಮೀನಿನ ಚೂರು. ಅಷ್ಟೇ ಸಾಮಾನು, ಅಲ್ಲೇ ಅಂಗಡಿಯಲ್ಲಿ ಸಿಗುತ್ತದೆ. ಕೊಕ್ಕೆ ಬೇಡ, ಅದು ಏಡಿಗೆ ಗಾಯ ಮಾಡುತ್ತದೆ. ಬಕೆಟ್ಟಿಗೆ ಸಮುದ್ರದ ನೀರೇ ತುಂಬಿಸಬೇಕು, ನೆರಳಲ್ಲಿಡಬೇಕು, ಆಗಾಗ ನೀರು ಬದಲಾಯಿಸಬೇಕು, ನಾಲ್ಕೈದು ಏಡಿ ಆದಮೇಲೆ ವಾಪಸ್ ಬಿಡಬೇಕು. ದಾರ ಮೇಲೆತ್ತುವಾಗ ನಿಧಾನ. ನೀರಿನ ಮೇಲೆ ಬಂದಕೂಡಲೇ ಏಡಿ ಪಟ್ಟು ಬಿಟ್ಟು ಬೀಳುತ್ತದೆ. ಮಗು ಉಸಿರು ಬಿಗಿಹಿಡಿದು ಬೆರಳ ತುದಿಯಲ್ಲಿ ದಾರ ಎಳೆಯೋದನ್ನು ನೋಡಿದರೆ ಫೋನ್ ಹಿಡಿದ ಮಗು ಇದೇನಾ ಅನ್ನಿಸುತ್ತದೆ. ಶುದ್ಧ ಸಸ್ಯಾಹಾರಿ ಮನೆಗಳಲ್ಲಿ ಮೀನು ಮುಟ್ಟೋದು ಬೇಡ ಅಂದರೆ ಪಕ್ಕದ ಮಕ್ಕಳ ಬಕೆಟ್ಟಿಗೆ ಬಗ್ಗಿ ನೋಡಲು ಯಾರೂ ಬೇಡ ಅನ್ನಲ್ಲ.

ಸಮುದ್ರ ಅಂದಮೇಲೆ ಎರಡು ಮಾತು ಗಟ್ಟಿಯಾಗಿ ಹೇಳಲೇಬೇಕು. ಭರತ ಇಳಿತದ ಸಮಯ ನೋಡದೆ ಹೊರಡಬೇಡಿ. ವೆಲ್ಸ್ ಬೀಚಿನಲ್ಲಿ ನೀರು ಇಳಿದಾಗ ಮರಳು ಬಹಳ ದೂರ ಚಾಚಿಕೊಂಡಿರುತ್ತದೆ. ನೀರು ಏರುವಾಗ ಹಿಂದಿನ ಕಾಲುವೆ ಮೊದಲು ತುಂಬಿ ಮರಳದಿಬ್ಬದ ಮೇಲಿದ್ದವರಿಗೆ ದಾರಿ ಕಟ್ಟಾಗುತ್ತದೆ. ಅದಕ್ಕೇ ಅಲ್ಲಿ ಸೈರನ್ ಕೂಗಿಸುತ್ತಾರೆ. ಕೂಗಿದ ಕೂಡಲೇ ದಡದ ಕಡೆ ಬರಬೇಕು. ಎರಡನೆಯದು ಬಾವುಟ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ, ಅಷ್ಟು ಜಾಗದ ಮೇಲೆ ಜೀವರಕ್ಷಕರ ಕಣ್ಣಿರುತ್ತದೆ. ಬರೀ ಕೆಂಪು ಬಾವುಟ ಹಾರುತ್ತಿದ್ದರೆ ನೀರಿಗೆ ಇಳಿಯಲೇಬಾರದು. ಕಿತ್ತಳೆ ಬಣ್ಣದ ಗಾಳಿಚೀಲ ಹಾರುತ್ತಿದ್ದರೆ ಗಾಳಿ ತುಂಬಿದ ಟ್ಯೂಬು, ಬೋಟು ಬೇಡ. ನೆಲದಿಂದ ಸಮುದ್ರದ ಕಡೆಗೆ ಬೀಸುವ ಗಾಳಿ ಮಗುವನ್ನು ನಿಮಿಷಗಳಲ್ಲಿ ದೂರ ಒಯ್ಯುತ್ತದೆ. ಇಲ್ಲಿನ ನೀರು ಆಗಸ್ಟ್‌ನಲ್ಲೂ ತಣ್ಣಗೆ ಕೊರೆಯುತ್ತದೆ. ಮಕ್ಕಳಿಗೆ ಪುಟ್ಟ ವೆಟ್‌ಸೂಟ್ ಕೊಡಿಸಿದರೆ ಅರ್ಧ ಗಂಟೆ ಹೆಚ್ಚು ಆಡುತ್ತಾರೆ.

ಈಗ ಕಾಲುವೆ. ನನ್ನನ್ನು ಕೇಳಿದರೆ ಮೂರು ತಲೆಮಾರು ಒಟ್ಟಿಗೆ ಹೋಗಲು ಇಂಗ್ಲೆಂಡಿನಲ್ಲಿ ಕಾಲುವೆಗಿಂತ ಒಳ್ಳೆಯ ಜಾಗವಿಲ್ಲ. ಹಿಂದೆ ಕುದುರೆಗಳು ದೋಣಿ ಎಳೆಯುತ್ತ ನಡೆದ ದಂಡೆಯ ದಾರಿ ಬಹುಪಾಲು ಸಮತಟ್ಟು. ಮಗುವಿನ ಗಾಡಿ ಹೋಗುತ್ತದೆ, ಅಜ್ಜಿಯ ಊರುಗೋಲೂ ಹೋಗುತ್ತದೆ. ಟಿಕೆಟ್ ಇಲ್ಲ. ದೋಣಿಗಳ ವೇಗದ ಮಿತಿ ಗಂಟೆಗೆ 4 ಮೈಲಿ, ಆದ್ದರಿಂದ ನಡೆಯುವವರು ದೋಣಿಯವರ ಜೊತೆ ಮಾತಾಡಿಕೊಂಡೇ ಸಾಗಬಹುದು.

ಲೆಸ್ಟರ್‌ಶೈರ್‌ನ ಫಾಕ್ಸ್‌ಟನ್‌ಗೆ ಒಮ್ಮೆ ಹೋಗಿ ನೋಡಿ. ಗುಡ್ಡದ ಮೇಲಕ್ಕೆ ಹತ್ತು ಲಾಕ್‌ಗಳು, ಅಂದರೆ ನೀರು ತುಂಬಿಸಿ ಖಾಲಿ ಮಾಡಿ ದೋಣಿಯನ್ನು ಏರಿಸಿ ಇಳಿಸುವ ಕಟ್ಟೆಗಳು, ಐದೈದರ ಎರಡು ಸಾಲು. ಒಟ್ಟು 75 ಅಡಿ ಏರು. 1814ರಿಂದ ದೋಣಿಗಳು ಇಲ್ಲಿ ಮೆಟ್ಟಿಲು ಹತ್ತುತ್ತಿವೆ. ಒಂದು ಲಾಕ್‌ನ ಮೇಲಿನ ಬಾಗಿಲೇ ಮುಂದಿನ ಲಾಕ್‌ನ ಕೆಳಬಾಗಿಲು. ದೋಣಿ ಒಳಗೆ ಬಂದಮೇಲೆ ಹಿಂದಿನ ಬಾಗಿಲು ಮುಚ್ಚುತ್ತಾರೆ. ಪಕ್ಕದ ಕೊಳದಿಂದ ನೀರು ಬಿಡುತ್ತಾರೆ. ದೋಣಿ ಇಷ್ಟಿಷ್ಟೇ ಮೇಲೇಳುತ್ತದೆ. ನೀರು ಬಿಡುವ ಹಿಡಿಗಳಲ್ಲಿ ಕೆಂಪು ಬಣ್ಣದ್ದೊಂದು, ಬಿಳಿಯದೊಂದು. ಮೊದಲು ಕೆಂಪು, ಆಮೇಲೆ ಬಿಳಿ. ಅದಲುಬದಲಾದರೆ ನೀರಿನ ಲೆಕ್ಕ ತಪ್ಪಿ ಅವಾಂತರ. ಇದನ್ನು ನೆನಪಿಡಲು ಇಲ್ಲಿನವರಲ್ಲಿ ಒಂದು ಪ್ರಾಸದ ಮಾತೇ ಇದೆ, ಲಾಕ್ ಕಾಯುವವರನ್ನು ಕೇಳಿದರೆ ಮಕ್ಕಳಿಗೆ ಹೇಳಿಕೊಡುತ್ತಾರೆ. ಅವರು ಹೂಂ ಅಂದರೆ ಬಾಗಿಲಿನ ಉದ್ದನೆಯ ಮರದ ತೊಲೆಗೆ ಬೆನ್ನು ಕೊಟ್ಟು ತಳ್ಳಲೂಬಹುದು. ಒಂದು ದೋಣಿ ಹತ್ತೂ ಲಾಕ್ ದಾಟಲು ಮುಕ್ಕಾಲರಿಂದ ಒಂದು ಗಂಟೆ. ಅಷ್ಟು ಹೊತ್ತೂ ಐದು ವರ್ಷದವರು ಅಲ್ಲಾಡದೆ ನೋಡುತ್ತಾರೆ, ಇಂಜಿನಿಯರ್ ಆಗಿ ನಿವೃತ್ತರಾದ ತಾತಂದಿರಂತೂ ಜಾಗ ಬಿಟ್ಟು ಬರಲ್ಲ. ಪಕ್ಕದಲ್ಲೇ ದೋಣಿಗಳನ್ನು ತೊಟ್ಟಿ ಸಮೇತ ಗುಡ್ಡ ಹತ್ತಿಸುತ್ತಿದ್ದ ಯಂತ್ರದ ಅವಶೇಷವಿದೆ. 1900ರಲ್ಲಿ ಶುರುವಾಗಿ, ಖರ್ಚು ಹೆಚ್ಚಾಗಿ 1911ರ ಹೊತ್ತಿಗೆ ನಿಂತುಹೋಯಿತು. ಕೆಳಗೆ ಪಬ್ ಇದೆ, ಶೌಚಾಲಯ ಇದೆ. ಎಚ್ಚರವಿರಬೇಕಾದ್ದು ಒಂದೇ: ಲಾಕ್ ಅಂಚಿಗೆ ಕಟಾಂಜನ ಇಲ್ಲ. ಚಿಕ್ಕವರ ಕೈ ಬಿಡಬೇಡಿ.

ಬಂಗಲೆಯೋ, ಕೋಟೆಯೋ?

ಮಳೆ ಬರುವ ದಿನ ಈ ಪ್ರಶ್ನೆ ಬರುತ್ತದೆ. ಇದರ ಹಿಂದೆ ಯಾವ ಸಂಸ್ಥೆಯ ಸದಸ್ಯರಾಗೋದು ಅನ್ನುವ ಪ್ರಶ್ನೆಯೂ ಇದೆ. 1895ರಲ್ಲಿ ಶುರುವಾದ ನ್ಯಾಷನಲ್ ಟ್ರಸ್ಟ್ ಕೈಯಲ್ಲಿ ದೊಡ್ಡ ದೊಡ್ಡ ಬಂಗಲೆಗಳು, ತೋಟಗಳು, ಕಾಡು ಮತ್ತು ಕರಾವಳಿಯ ಜಾಗಗಳಿವೆ. ಇಂಗ್ಲಿಷ್ ಹೆರಿಟೇಜ್ ಕೈಯಲ್ಲಿ ಸ್ಟೋನ್‌ಹೆಂಜ್ ಸೇರಿ ನಾನೂರಕ್ಕೂ ಹೆಚ್ಚು ಜಾಗಗಳು, ಅವುಗಳಲ್ಲಿ ಕೋಟೆ, ಪಾಳುಬಿದ್ದ ಮಠಗಳೇ ಜಾಸ್ತಿ. ನೂರಾರು ಕಡೆ ಸದಸ್ಯತ್ವವೇ ಬೇಡ, ಸುಮ್ನೆ ಒಳಗೆ ನಡೆಯಬಹುದು.

ಓಡಾಡುವ ವಯಸ್ಸಿನ ಮಕ್ಕಳಿಗೆ ಕೋಟೆಯೇ ಸರಿ. ಬಂಗಲೆಯೊಳಗೆ ಮುಟ್ಟಬೇಡ, ಓಡಬೇಡ ಅನ್ನುತ್ತಲೇ ಇರಬೇಕು. ಪಾಳುಕೋಟೆಯಲ್ಲಿ ಮುರಿಯುವಂಥದ್ದು ಏನೂ ಇಲ್ಲ. ಆ್ಯಷ್‌ಬಿ ಡಿ ಲಾ ಝೂಷ್ ಎಂಬ ಊರಿನ ಕೋಟೆಯಲ್ಲಿ ಅಡುಗೆಮನೆಯಿಂದ ಗೋಪುರಕ್ಕೆ ನೆಲದಡಿಯ ಸುರಂಗವಿದೆ. ಒಂದು ಟಾರ್ಚ್ ಕೊಟ್ಟು ಬಿಟ್ಟರೆ ಮಕ್ಕಳು ಹಿಂದಕ್ಕೂ ಮುಂದಕ್ಕೂ ಹೋಗುತ್ತಲೇ ಇರುತ್ತಾರೆ. ಇಂಗ್ಲಿಷ್ ಹೆರಿಟೇಜ್‌ನ ಒಬ್ಬ ವಯಸ್ಕ ಸದಸ್ಯರ ಜೊತೆ ಮನೆಯ ಆರು ಮಕ್ಕಳವರೆಗೆ ಉಚಿತ ಪ್ರವೇಶ. ಅಕ್ಕತಂಗಿಯರ ಮಕ್ಕಳೆಲ್ಲ ಒಟ್ಟಿಗೆ ಸೇರುವ ಬೇಸಿಗೆಗೆ ಇದು ದೊಡ್ಡ ಉಳಿತಾಯ.

ಹಿರಿಯರು ಬಂದಿದ್ದರೆ, ಇತಿಹಾಸದ ಆಸಕ್ತಿ ಇದ್ದರೆ ನ್ಯಾಷನಲ್ ಟ್ರಸ್ಟ್ ಕಡೆ ವಾಲುತ್ತೇನೆ. ಒಳಗೆ ಟೀ ರೂಮ್, ಬೆಂಚು, ಶೌಚಾಲಯ ಎಲ್ಲ ಅಚ್ಚುಕಟ್ಟು. ಡಾರ್ಬಿ ಪಕ್ಕದ ಕೆಡಲ್‌ಸ್ಟನ್ ಹಾಲ್‌ಗೆ ಹೋದರೆ ಹೊರಗಿನ ಉದ್ಯಾನ ಒಂದು ತೂಕ, ಒಳಗಿನ ಕತೆ ಇನ್ನೊಂದು ತೂಕ. ಬಂಗಾಳವನ್ನು ಒಡೆದ ವೈಸ್‌ರಾಯ್ ಲಾರ್ಡ್ ಕರ್ಜನ್ ಮನೆತನದ ಬಂಗಲೆ ಇದು. ಆತ ಪೂರ್ವದ ದೇಶಗಳಿಂದ ತಂದ ವಸ್ತುಗಳ ಸಂಗ್ರಹವೂ ಇಲ್ಲೇ ಇದೆ. ಕಲ್ಕತ್ತದ ಗವರ್ನಮೆಂಟ್ ಹೌಸನ್ನು, ಅಂದರೆ ಈಗಿನ ರಾಜ್ಯಪಾಲರ ಭವನವನ್ನು, ಇದೇ ಮನೆಯ ನಕ್ಷೆ ಮುಂದಿಟ್ಟುಕೊಂಡು ಕಟ್ಟಿದರು. ಅಷ್ಟು ವರ್ಷಗಳ ನಂತರ ಈ ಮನೆಯ ಮಗನೇ ವೈಸ್‌ರಾಯ್ ಆಗಿ ಆ ಮನೆಗೆ ಹೋದ. ಹದಿಹರೆಯದ ಮಕ್ಕಳಿಗೆ ಇಂಥ ಕಡೆ ಹೇಳಲು ಬಹಳ ಇರುತ್ತದೆ, ಹೇಳಲೂಬೇಕು. ಗಡಿ ದಾಟಿ ವೇಲ್ಸ್‌ಗೆ ಹೋಗುವ ಮನಸ್ಸಿದ್ದರೆ ವೆಲ್ಷ್‌ಪೂಲ್‌ನ ಪೋವಿಸ್ ಕ್ಯಾಸಲ್ ಇದೆ, ಅದೂ ಟ್ರಸ್ಟ್‌ನದೇ. ಶ್ರೀರಂಗಪಟ್ಟಣದಿಂದ ಹೋದ ಟಿಪ್ಪುವಿನ ಹೂಬಳ್ಳಿಯ ಡೇರೆ ಅಲ್ಲಿನ ಸಂಗ್ರಹದಲ್ಲಿದೆ. ಮೈಸೂರು ಸೀಮೆಯವರಿಗೆ ಆ ಬಟ್ಟೆಯ ಮುಂದೆ ನಿಂತಾಗ ಆಗುವ ಸಂಕಟ ಸಣ್ಣದಲ್ಲ.

ಎರಡರಲ್ಲಿ ಒಂದೇ ಸಾಧ್ಯ ಅಂದರೆ ಮಕ್ಕಳ ವಯಸ್ಸು ನೋಡಿ. ಐದರೊಳಗಿನವರಿಗೆ ಟ್ರಸ್ಟ್‌ನಲ್ಲಿ ಪ್ರವೇಶ ಉಚಿತ, ಸದಸ್ಯರಿಗೆ ಟ್ರಸ್ಟ್‌ನ ಕಾರ್ ಪಾರ್ಕ್‌ಗಳೂ ಉಚಿತ, ಹಾಗಾಗಿ ಕಡಲತೀರಕ್ಕೆ, ಬೆಟ್ಟಕ್ಕೆ ಹೋದಾಗಲೂ ಕಾರ್ಡ್ ಕೆಲಸಕ್ಕೆ ಬರುತ್ತದೆ. ಆರರಿಂದ ಹನ್ನೆರಡರ ಮಕ್ಕಳಿದ್ದರೆ ಕೋಟೆಗಳ ಕಾರ್ಡ್.

ಹೊಲದ ದಾರಿಯೋ, ಹಳಿ ಕಿತ್ತ ದಾರಿಯೋ?

ಬೇರೆಯವರ ಹೊಲದ ನಡುವೆ ಹಕ್ಕಿನಿಂದ ನಡೆಯೋದು ಊರಿಂದ ಬಂದವರಿಗೆ ನಂಬಲಾಗದ ವಿಷಯ. ಹಳದಿ ಬಾಣದ ಗುರುತು ಇದ್ದರೆ ಅದು ಸಾರ್ವಜನಿಕ ಕಾಲುದಾರಿ. ನೀಲಿ ಬಾಣವಿದ್ದರೆ ಕುದುರೆ, ಸೈಕಲ್ ಕೂಡ ಹೋಗಬಹುದು. ಬೆಳೆಯ ನಡುವೆ ದಾರಿ ಹಾದುಹೋದರೆ ರೈತ ಅಷ್ಟು ಅಗಲ ಬಿಟ್ಟುಕೊಡಲೇಬೇಕು. ಎದೆಯೆತ್ತರದ ಗೋಧಿಯ ನಡುವೆ ಮಕ್ಕಳು ಮುಳುಗೇಳುತ್ತ ಹೋಗೋದನ್ನು ನೋಡಲಿಕ್ಕಾದರೂ ಜುಲೈನಲ್ಲಿ ಒಮ್ಮೆ ಹೋಗಿ. ಆರ್ಡನೆನ್ಸ್ ಸರ್ವೆಯ ಕಿತ್ತಳೆ ರಟ್ಟಿನ ಎಕ್ಸ್‌ಪ್ಲೋರರ್ ನಕ್ಷೆಯಲ್ಲಿ ಈ ದಾರಿಗಳು ಹಸಿರು ಗೀಟುಗಳಾಗಿ ಕಾಣುತ್ತವೆ. ಸಿಗ್ನಲ್ ಸಿಗದ ಕಡೆ ಆ ಕಾಗದದ ನಕ್ಷೆಯೇ ದಿಕ್ಕು.

ಆದರೆ ಸೀರೆ ಉಟ್ಟ ಅತ್ತೆಗೆ ಇದು ಸರಿಹೋಗಲ್ಲ. ಬೇಲಿ ದಾಟಲು ಮರದ ಮೆಟ್ಟಿಲುಗಳಿರುತ್ತವೆ, ಕಾಲೆತ್ತಿ ಆಚೆ ಇಡಬೇಕು. ಪಕ್ಕದಲ್ಲೇ ತುರಿಕೆ ಗಿಡ ತಾಕಿದರೆ ಉರಿ. ಕರು ಜೊತೆಗಿರುವ ಹಸುಗಳ ಹೊಲವಾದರೆ ದೂರದಿಂದ ಸುತ್ತಿ ಹೋಗಬೇಕು. ನಮ್ಮೂರ ಹಸುವಿನ ಸಲಿಗೆ ಇಲ್ಲಿ ಬೇಡ. ಉದ್ದ ಹುಲ್ಲಲ್ಲಿ ಉಣ್ಣಿ ಇರುತ್ತವೆ, ಮನೆಗೆ ಬಂದಮೇಲೆ ಮಕ್ಕಳ ಮೊಣಕಾಲಿನ ಹಿಂದೆ, ಕಿವಿಯ ಹಿಂದೆ ನೋಡಿ. ಹುಲ್ಲಿನ ಪರಾಗಕ್ಕೆ ಸೀನುವವರು ಮನೆಯಲ್ಲಿದ್ದರೆ ಜೂನ್, ಜುಲೈ ಪೂರ್ತಿ ಈ ದಾರಿ ಬಿಟ್ಟು ಸಮುದ್ರದ ಕಡೆ ಹೋಗೋದು ವಾಸಿ.

ಎಲ್ಲರೂ ನಡೆಯಬೇಕು ಅಂದರೆ ಡಾರ್ಬಿಶೈರ್‌ನ ಗುಡ್ಡಗಾಡು ಪೀಕ್ ಡಿಸ್ಟ್ರಿಕ್ಟ್‌ನ ಟಿಸಿಂಗ್ಟನ್ ಟ್ರೇಲ್. ಮುಚ್ಚಿಹೋದ ರೈಲುದಾರಿಯ ಹಳಿ ಕಿತ್ತು ಮಾಡಿದ 13 ಮೈಲಿಯ ದಾರಿ ಇದು. ರೈಲಿಗಾಗಿ ಹಾಸಿದ್ದಾದ್ದರಿಂದ ಏರು ಗೊತ್ತೇ ಆಗದಷ್ಟು. ಆ್ಯಷ್‌ಬರ್ನ್ ತುದಿಯಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ. ದೊಡ್ಡ ಮಕ್ಕಳು ಸೈಕಲ್ ಹತ್ತಿ ಹೋಗಲಿ, ಹಿರಿಯರು ಟಿಸಿಂಗ್ಟನ್ ಹಳ್ಳಿಯಲ್ಲಿ ಟೀ ಕುಡಿಯುತ್ತ ಕೂರಲಿ. ಪಕ್ಕದ ಡೋವ್‌ಡೇಲ್‌ನ ಹೆಜ್ಜೆಗಲ್ಲುಗಳು ಫೋಟೋದಲ್ಲಿ ಚೆನ್ನ. ಶನಿವಾರ ಭಾನುವಾರ ಅಲ್ಲಿ ಕಲ್ಲಿಗೆ ಕಾಲಿಡಲೂ ಸಾಲು ನಿಲ್ಲಬೇಕು, ವಾರದ ದಿನ ಹೋಗಿ.

ಡಾರ್ಬಿಶೈರ್‌ಗೆ ಹೋಗುವವರು ಇನ್ನೊಂದನ್ನು ವಿಚಾರಿಸಿಕೊಂಡು ಹೋಗಿ. ಇಲ್ಲಿನ ಹಳ್ಳಿಗಳಲ್ಲಿ ಬಾವಿ, ಊಟೆಗಳನ್ನು ಸಿಂಗರಿಸುವ ಪದ್ಧತಿ ಇದೆ. ಮರದ ಹಲಗೆಗೆ ಒದ್ದೆ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಹೂವಿನ ಎಸಳುಗಳನ್ನು ಒಂದೊಂದಾಗಿ ಒತ್ತಿ ಚಿತ್ರ ಮಾಡುತ್ತಾರೆ. ಟಿಸಿಂಗ್ಟನ್‌ನಲ್ಲಿ ಇದು ಮೇ ಸುಮಾರಿಗೆ, ಯೂಲ್‌ಗ್ರೇವ್‌ನಲ್ಲಿ ಜೂನ್‌ನಲ್ಲಿ, ಈಮ್ ಹಳ್ಳಿಯಲ್ಲಿ ಆಗಸ್ಟ್ ಕೊನೆಯಲ್ಲಿ. ಮಣ್ಣು ಒಣಗುವ ತನಕ, ಸುಮಾರು ಒಂದು ವಾರ ಇರುತ್ತದೆ. ನಮ್ಮತ್ತೆ ಹತ್ತಿರ ಹೋಗಿ, ಎಸಳುಗಳು ಒಂದರ ಮೇಲೊಂದು ಹೆಂಚು ಹೊದಿಸಿದ ಹಾಗೆ ಕೂತಿರೋದನ್ನು ಬೆರಳಲ್ಲಿ ತೋರಿಸಿ, ಮಳೆ ಬಂದರೂ ನೀರು ಜಾರಿಹೋಗಲಿ ಅಂತ ಕೆಳಗಿಂದ ಮೇಲಕ್ಕೆ ಜೋಡಿಸಿದ್ದಾರೆ ನೋಡು ಅಂದರು. ಅಲ್ಲಿನ ಹೆಂಗಸರಿಗೆ ಅವರ ಮಾತು ಅರ್ಥವಾಗಲಿಲ್ಲ, ಬೆರಳು ಅರ್ಥವಾಯಿತು.

ಹಣ್ಣಿನ ತೋಟವೋ, ಹಳ್ಳಿ ಜಾತ್ರೆಯೋ?

ನಾವೇ ಕಿತ್ತು ತರುವ ಹಣ್ಣಿನ ತೋಟಕ್ಕೆ ಎರಡು ಗಂಟೆ ಸಾಕು, ಆದ್ದರಿಂದ ಅರ್ಧ ದಿನ ಮಾತ್ರ ಬಿಡುವಿದ್ದಾಗ ಅದೇ ಸರಿ. ಜೂನ್, ಜುಲೈ ಸ್ಟ್ರಾಬೆರಿ, ಜುಲೈನಲ್ಲಿ ರಾಸ್ಪ್‌ಬೆರಿ, ಆಗಸ್ಟ್‌ಗೆ ಪ್ಲಮ್. ಸ್ಟ್ರಾಬೆರಿ ಕಿತ್ತಮೇಲೆ ಹಣ್ಣಾಗಲ್ಲ, ತೊಟ್ಟಿನ ಬುಡದವರೆಗೂ ಕೆಂಪಾಗಿರುವುದನ್ನೇ ಕೀಳಿ. ರಾಸ್ಪ್‌ಬೆರಿ ಮುಟ್ಟಿದರೆ ಬಿಳಿ ದಿಂಡು ಗಿಡದಲ್ಲೇ ಬಿಟ್ಟು ಕೈಗೆ ಬರಬೇಕು, ಎಳೆಯಬೇಕಾದರೆ ಇನ್ನೂ ಕಾಯಿ. ಹಸಿರು ಗೂಸ್‌ಬೆರಿ ಕಂಡರೆ ಬಿಡಬೇಡಿ. ಒಳ್ಳೆ ಹುಳಿ, ಮೆಂತ್ಯ ಇಂಗಿನ ಒಗ್ಗರಣೆ ಹಾಕಿದರೆ ಗೊಜ್ಜು ಸೊಗಸಾಗಿರುತ್ತದೆ. ಬೆಳಗ್ಗೆ ಹೋಗಿ, ಮಧ್ಯಾಹ್ನಕ್ಕೆ ಕೆಂಪು ಹಣ್ಣೆಲ್ಲ ಖಾಲಿ. ಆಗಸ್ಟ್ ಕೊನೆಗೆ ಬೇಲಿಯ ಬ್ಲ್ಯಾಕ್‌ಬೆರಿ ಹಣ್ಣಾಗುತ್ತದೆ, ಅದಕ್ಕೆ ಕಾಸೂ ಬೇಡ. ನಾಯಿಗಳು ಓಡಾಡುವ ದಾರಿಯಾದ್ದರಿಂದ ಸೊಂಟದ ಮೇಲಿನದನ್ನು ಮಾತ್ರ ಕಿತ್ತುಕೊಳ್ಳಿ.

ಹಳ್ಳಿ ಜಾತ್ರೆ, ಅಂದರೆ ವಿಲೇಜ್ ಫೇಟ್, ನಡೆಯೋದು ಶನಿವಾರವೋ ಭಾನುವಾರವೋ ಮಧ್ಯಾಹ್ನದ ಮೇಲೆ. ಬಂದ ಹಣ ಚರ್ಚಿನ ಚಾವಣಿಗೋ ಶಾಲೆಗೋ ಹೋಗುತ್ತದೆ. ಚಿಲ್ಲರೆ ನಾಣ್ಯ ತುಂಬಾ ಇಟ್ಟುಕೊಳ್ಳಿ. ಟಾಂಬೋಲಾ ಅಂದರೆ ಇಲ್ಲಿ ಚೀಟಿ ಎತ್ತುವ ಆಟ, ಅದರಲ್ಲಿ ಸಾಮಾನ್ಯವಾಗಿ ಸೊನ್ನೆ ಅಥವಾ ಐದರಲ್ಲಿ ಕೊನೆಯಾಗುವ ಚೀಟಿಗೆ ಬಹುಮಾನ. ಚೆಂಡು ಎಸೆದು ತೆಂಗಿನಕಾಯಿ ಬೀಳಿಸುವ ಆಟ ಇರುತ್ತದೆ, ಗೆದ್ದ ಕಾಯಿ ಮನೆಗೆ. ಒಂದು ಡೇರೆಯೊಳಗೆ ಪೈಪೋಟಿಗಿಟ್ಟ ತರಕಾರಿ, ಜಾಮ್, ಕೇಕ್ ಸಾಲಾಗಿರುತ್ತವೆ. ಒಂದೇ ಉದ್ದದ ಹುರುಳಿಕಾಯಿಗಳನ್ನು ತಟ್ಟೆಯಲ್ಲಿ ಜೋಡಿಸಿಟ್ಟು, ಪಕ್ಕದಲ್ಲಿ ತೀರ್ಪುಗಾರರ ಚೀಟಿ. ಹಿತ್ತಲಲ್ಲಿ ತರಕಾರಿ ಬೆಳೆಸಿದವರಿಗೆ ಈ ಡೇರೆಯಿಂದ ಹೊರಬರಲು ಮನಸ್ಸೇ ಬರಲ್ಲ. ಮೊಟ್ಟೆ ತಿನ್ನದವರು ಕೇಕ್ ಮೇಜಿನಲ್ಲಿ ವಿಚಾರಿಸಿಕೊಳ್ಳಿ. ಸ್ಪಂಜ್ ಕೇಕಿನಲ್ಲಿ ಮೊಟ್ಟೆ ಇದ್ದೇ ಇರುತ್ತದೆ, ಸ್ಕೋನ್ ಮೇಲೂ ಸವರಿರಬಹುದು. ಬೆಣ್ಣೆ, ಸಕ್ಕರೆ, ಹಿಟ್ಟಿನ ಶಾರ್ಟ್‌ಬ್ರೆಡ್ ಸಾಮಾನ್ಯವಾಗಿ ನಡೆಯುತ್ತದೆ.

ಜಿಲ್ಲೆಯ ದೊಡ್ಡ ಕೃಷಿ ಪ್ರದರ್ಶನಗಳ ಟಿಕೆಟ್ ದುಬಾರಿ, ಕಾಲ್ನಡಿಗೆಯೂ ಜಾಸ್ತಿ. ಆದರೆ ಮನೆಯಲ್ಲಿ ದನ ಕಟ್ಟಿದ ಅನುಭವವಿರುವ ಹಿರಿಯರಿದ್ದರೆ ಖರ್ಚು ನೋಡಬೇಡಿ. ಹಾರೋಗೇಟ್‌ನಲ್ಲಿ ಜುಲೈ ತಿಂಗಳು ನಡೆಯುವ ಗ್ರೇಟ್ ಯಾರ್ಕ್‌ಶೈರ್ ಶೋದಲ್ಲಿ ಹೋರಿ, ಕುರಿಗಳನ್ನು ತೊಳೆದು ಬಾಚಿ ಸಾಲು ನಿಲ್ಲಿಸಿ ತೀರ್ಪು ಕೊಡೋದನ್ನು ಹತ್ತಿರದಿಂದ ನೋಡಬಹುದು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿ ಬಂದವರು ಇಲ್ಲಿ ಒಂದೊಂದು ಹೋರಿಯ ಬೆನ್ನು, ಗೊರಸು ನೋಡಿ ತಾವೇ ತೀರ್ಪು ಹೇಳುತ್ತಾರೆ.

ಇದ್ಯಾವುದೂ ಬೇಡ, ಸುಮ್ನೆ ಕೂರಬೇಕು ಅಂದರೆ ಹಳ್ಳಿಯ ಕ್ರಿಕೆಟ್ ಮೈದಾನ. ಶನಿವಾರ ಮಧ್ಯಾಹ್ನ ಶುರುವಾಗುತ್ತದೆ, ದುಡ್ಡಿಲ್ಲ, ಮಡಚುವ ಕುರ್ಚಿ ತಂದು ಬೌಂಡರಿ ಪಕ್ಕ ಹಾಕಿಕೊಳ್ಳಿ. ಕಾರನ್ನು ಸಿಕ್ಸರ್ ಬೀಳುವ ಕಡೆ ನಿಲ್ಲಿಸಬೇಡಿ. ಸೈಟ್‌ಸ್ಕ್ರೀನ್ ಮುಂದೆ ಹಾಯುವುದಿದ್ದರೆ ಓವರ್ ಮುಗಿಯಲಿ. ಅಪ್ಪನಂಥವರಿಗೆ ಭಾಷೆ ಬೇಕಾಗದ ಜಾಗ ಇದು. ಪಕ್ಕದ ಕುರ್ಚಿಯ ಮುದುಕರ ಜೊತೆ ವಿಶ್ವನಾಥ್ ಸ್ಕ್ವೇರ್ ಕಟ್ ಬಗ್ಗೆ ಮಾತು ಶುರುವಾದರೆ ಟೀ ವಿರಾಮ ಬಂದದ್ದೇ ಗೊತ್ತಾಗಲ್ಲ.

ಕಾರೋ ರೈಲೋ, ಬುತ್ತಿಯೋ ಪಬ್ಬೋ?

ಹಳ್ಳಿಗೆ ಕಾರೇ ಅನುಕೂಲ, ಆದರೆ ಒಂದೇ ಗಾಡಿ ಹಿಡಿಸುವ ಓಣಿಗಳಲ್ಲಿ ರಿವರ್ಸ್ ತೆಗೆದುಕೊಳ್ಳುವ ಅಭ್ಯಾಸ ಇರಲಿ. ಮಕ್ಕಳಿಗೆ 12 ವರ್ಷ ಅಥವಾ 135 ಸೆಂಟಿಮೀಟರ್ ಆಗುವವರೆಗೆ ಕಾರ್ ಸೀಟ್ ಕಾನೂನು. ರೈಲಿಗಾದರೆ ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಮಾಡಿಸಿ. ನಾಲ್ವರು ದೊಡ್ಡವರು, ನಾಲ್ವರು ಮಕ್ಕಳವರೆಗೆ ಒಟ್ಟಿಗೆ ಹೋಗಬಹುದು. ದೊಡ್ಡವರಿಗೆ ಮೂರನೇ ಒಂದು ಭಾಗ, ಮಕ್ಕಳಿಗೆ 60 ಶೇಕಡ ರಿಯಾಯಿತಿ, ಐದರೊಳಗಿನವರಿಗೆ ಟಿಕೆಟ್ಟೇ ಬೇಡ. ಅಜ್ಜಿ ತಾತನೂ ಅದರಲ್ಲೇ ಸೇರುತ್ತಾರೆ. ಬಸ್ ನಂಬುವವರು ಭಾನುವಾರದ ವೇಳಾಪಟ್ಟಿ ನೋಡಿಕೊಳ್ಳಿ, ಎಷ್ಟೋ ಹಳ್ಳಿಗಳಿಗೆ ಅವತ್ತು ಬಸ್ಸೇ ಇಲ್ಲ.

ಊಟದ ವಿಷಯದಲ್ಲಿ ನನಗೆ ಎರಡು ಮಾತಿಲ್ಲ, ಬುತ್ತಿ ಕಟ್ಟಿಕೊಳ್ಳಿ. ಹಳ್ಳಿಯ ಎಷ್ಟೋ ಪಬ್‌ಗಳಲ್ಲಿ ಅಡುಗೆಮನೆ ಎರಡು, ಎರಡೂವರೆಗೆ ಮುಚ್ಚಿ ಸಂಜೆಯೇ ತೆರೆಯೋದು. ಹಸಿದ ಮಗುವನ್ನು ಎತ್ತಿಕೊಂಡು ಮೂರಕ್ಕೆ ಹೋದರೆ ಚಿಪ್ಸ್ ಪೊಟ್ಟಣ ಮಾತ್ರ ಸಿಗುತ್ತದೆ. ಚಿತ್ರಾನ್ನ, ಪುಳಿಯೋಗರೆ, ಚಪಾತಿ ಪಲ್ಯ ಎಲ್ಲ ನಡೆಯುತ್ತದೆ. ಮೊಸರನ್ನ ತಣ್ಣನೆ ಚೀಲದಲ್ಲಿಡಿ. ಫ್ಲಾಸ್ಕಿನಲ್ಲಿ ಕಾಫಿ. ಪಬ್‌ಗೆ ಹೋಗೋದಾದರೆ ಸಂಜೆ ಹೋಗಿ, ತೋಟದಲ್ಲಿ ಕೂತು ಬೇಯಿಸಿದ ಆಲೂಗಡ್ಡೆಗೆ ಚೀಸ್ ಹಾಕಿಸಿಕೊಂಡು ತಿನ್ನಿ. ಆಗಸ್ಟ್‌ನಲ್ಲಿ ಕಣಜಗಳು ಸಿಹಿ ಪಾನೀಯಕ್ಕೆ ಮುತ್ತುತ್ತವೆ, ಕ್ಯಾನ್ ಒಳಗೆ ಇಣುಕದೆ ಮಕ್ಕಳಿಗೆ ಕುಡಿಸಬೇಡಿ.

ಬಿಸಿಲಿನ ಬಗ್ಗೆಯೂ ಒಂದು ಮಾತು. 2022ರ ಜುಲೈ 19ರಂದು ಲಿಂಕನ್‌ಶೈರ್‌ನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಇಲ್ಲಿನ ಮನೆಗಳಲ್ಲಿ ಫ್ಯಾನ್ ಇರಲ್ಲ. ಕಲಬುರಗಿ, ರಾಯಚೂರಿನವರೂ ಆ ವಾರ ತತ್ತರಿಸಿದರು. ಅಂಥ ದಿನ ಬಂದರೆ ಮರಗಳ ನೆರಳಿರುವ ಕಾಲುವೆ ದಂಡೆ, ಅದೂ ಸಂಜೆ ಆರರ ನಂತರ. ನದಿ ಕಂಡಕೂಡಲೇ ಹದಿಹರೆಯದವರನ್ನು ಧುಮುಕಲು ಬಿಡಬೇಡಿ. ಮೇಲೆ ಎಷ್ಟೇ ಸುಡಲಿ, ಒಳಗಿನ ನೀರು ಉಸಿರು ಕಟ್ಟಿಸುವಷ್ಟು ತಣ್ಣಗಿರುತ್ತದೆ.

ಆಗಸ್ಟ್‌ನ ಕೊನೆಯ ಸೋಮವಾರ ಬ್ಯಾಂಕ್ ಹಾಲಿಡೇ. ಅವತ್ತು ಸಮುದ್ರದ ಕಡೆ ಮುಖ ಹಾಕಬೇಡಿ, ರಸ್ತೆಯೆಲ್ಲ ಜಾಮ್. ನಿಮ್ಮ ಮನೆಯಿಂದ ಅರ್ಧ ಗಂಟೆಯೊಳಗಿನ ಹಳ್ಳಿಗಳ ಚರ್ಚ್ ಬೋರ್ಡು, ಲೈಬ್ರರಿಯ ಗೋಡೆ, ರೌಂಡ್‌ಅಬೌಟ್ ಪಕ್ಕ ಕೈಯಲ್ಲಿ ಬರೆದ ಹಲಗೆಗಳನ್ನು ಹಿಂದಿನ ವಾರವೇ ನೋಡಿಟ್ಟುಕೊಳ್ಳಿ. ಒಂದಲ್ಲ ಒಂದು ಫೇಟ್ ಅವತ್ತು ಇದ್ದೇ ಇರುತ್ತದೆ. ಎರಡಕ್ಕೆ ಹೋಗಿ, ನಾಲ್ಕಕ್ಕೆ ಹೊರಟು, ದಾರಿಯಲ್ಲಿ ಬೇಲಿಯ ಬ್ಲ್ಯಾಕ್‌ಬೆರಿ ಕಿತ್ತುಕೊಂಡು ಬಂದರೆ ಮಾರನೇ ದಿನ ಜಾಮ್ ಮಾಡಲು ಒಂದು ಡಬ್ಬಿ ಹಣ್ಣಾದರೂ ಇರುತ್ತದೆ. ಡಬ್ಬಿ ಕಾರಿನಲ್ಲೇ ಇಟ್ಟಿರಿ.